ಕಾದಿದ್ದಕ್ಕೆ ಧನ್ಯವಾದಗಳು

“ಇನ್ನೊಂದು ಸಲ ಸಾರ್,” ಎಂದಿತು ಕಿವಿಯ ಹೆಡ್‌ಫೋನು. “ಧನ್ಯವಾದ ಒಣಗಿಹೋಗಿದೆ. ಒಂಚೂರು ಒದ್ದೆ ಮಾಡ್ಕೊಳ್ಳಿ.”

ಅವನು ನೀರು ಕುಡಿದ. ತೊಂದರೆ ಗಂಟಲಿನದ್ದಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಗಾಜಿನ ಆಚೆ ಕೂತ ರೆಕಾರ್ಡಿಂಗಿನವನು ಬೆರಳು ಎತ್ತಿ ಇಳಿಸಿದ.

“ನೀವು ಕಾದಿದ್ದಕ್ಕೆ ಧನ್ಯವಾದಗಳು. ನಿಮ್ಮ ತಾಳ್ಮೆ ನಮಗೆ ಅಮೂಲ್ಯ. ದಯವಿಟ್ಟು ಫೋನ್ ಇಡಬೇಡಿ.”

“ಹಾಂ, ಬಂತು. ಈಗ ಅದನ್ನೇ ಸ್ವಲ್ಪ ನಗ್ತಾ ಹೇಳಿ.”

“ನಾನು ನಗೋದು ಯಾರಿಗೆ ಕಾಣುತ್ತೆ?”

“ಕಾಣಲ್ಲ. ಆದ್ರೆ ಕೇಳಿಸುತ್ತೆ.”

ಅವನು ತುಟಿಗಳನ್ನು ಎರಡೂ ಕಡೆಗೆ ಎಳೆದು ಅದೇ ಮಾತನ್ನು ಮತ್ತೆ ಹೇಳಿದ. ಗಾಜಿನಲ್ಲಿ ಅವನ ಮುಖ ಮಸುಕಾಗಿ ಕಾಣುತ್ತಿತ್ತು. ನಗು ಮುಗಿದ ಮೇಲೂ ತುಟಿಗಳು ತಮ್ಮ ಜಾಗಕ್ಕೆ ವಾಪಸು ಬರಲು ಸ್ವಲ್ಪ ಹೊತ್ತು ತೆಗೆದುಕೊಂಡವು. ರೆಕಾರ್ಡಿಂಗಿನವನು ಹೆಬ್ಬೆರಳು ಎತ್ತಿ ತೋರಿಸಿದ.

ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಕಣ್ಣಿಗೆ ಕಾಣುವುದೆಲ್ಲ ನಿಜವಾಗಿ ಇದೆಯೇ ಎಂದು ಕೆಲವು ವರ್ಷ ಸಂಶಯಪಟ್ಟು, ಕೊನೆಗೆ ‘ಬಾಗಿಲು ಮುಚ್ಚುತ್ತಿದೆ, ದೂರ ನಿಲ್ಲಿ’ ಎಂದು ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಹೇಳುವ ಕೆಲಸ ಹಿಡಿದವನು ಅವನು. ಲಿಫ್ಟುಗಳಲ್ಲಿ, ಬ್ಯಾಂಕಿನ ಫೋನಿನಲ್ಲಿ, ರೈಲು ನಿಲ್ದಾಣದಲ್ಲಿ, ಆಸ್ಪತ್ರೆಯಲ್ಲಿ ಅವನದೇ ಧ್ವನಿ. ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಕರೆಯುವುದು ‘ಧನ್ಯವಾದ ಸಾರ್’ ಎಂದು. ತಮಾಷೆಗೆ ಶುರುವಾದದ್ದು. ಈಗ ತಮಾಷೆ ಉದುರಿಹೋಗಿ ಹೆಸರಷ್ಟೇ ಉಳಿದಿದೆ.

“ಇವತ್ತು ಬೇಗ ಹೋಗ್ಬೇಕು ಅಂದಿದ್ರಲ್ಲ ಧನ್ಯವಾದ ಸಾರ್, ಏನು ಸಮಾಚಾರ?”

“ಅಮ್ಮನ್ನ ಒಂದು ಕಡೆ ಬಿಟ್ಟು ಬರ್ಬೇಕು.”

“ಅಕ್ಕನ ಮನೆಗಾ?”

“ಹೂಂ, ಹಾಗೇ ಅಂದ್ಕೊಳ್ಳಿ.”

ಹಾಗೆ ಅಂದುಕೊಳ್ಳುವುದರಿಂದ ಯಾರ ಗಂಟೂ ಹೋಗುವಂತಿರಲಿಲ್ಲ. ಅವನು ಕೋಟು ಏರಿಸಿಕೊಂಡು ಹೊರಟ. ಲಿಫ್ಟಿನಲ್ಲಿ ಅವನ ಧ್ವನಿಯೇ ಅವನಿಗೆ ದೂರ ನಿಲ್ಲಲು ಹೇಳಿತು. ಅವನು ದೂರ ನಿಂತ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೂತ ತಕ್ಷಣ, ಬೇಡ ಬೇಡವೆಂದರೂ, ಆ ದಿನ ನೆನಪಾಯಿತು.

ಅಮ್ಮನಿಗೆ ಲಕ್ವ ಹೊಡೆದ ದಿನ. ಅವಳು ಅಡುಗೆಮನೆಯ ನೆಲದ ಮೇಲೆ ಒಂದು ಕಡೆಗೆ ವಾಲಿಕೊಂಡು ಬಿದ್ದಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವನು ಆಸ್ಪತ್ರೆಗೆ ಫೋನ್ ಮಾಡಿದ. ಆ ಕಡೆಯಿಂದ ಮಾತಾಡಿದ್ದೂ ಅವನೇ. ನೀವು ಕಾದಿದ್ದಕ್ಕೆ ಧನ್ಯವಾದಗಳು ಎಂದ. ನಿಮ್ಮ ತಾಳ್ಮೆ ನಮಗೆ ಅಮೂಲ್ಯ ಎಂದ. ಹಳೆಯ ರೆಕಾರ್ಡಿಂಗು, ಆಗ ಧನ್ಯವಾದ ಇನ್ನೂ ಒಣಗಿರಲಿಲ್ಲ. ಈ ಕಡೆಯವನು “ಬೇಗ ಎತ್ರೋ, ಬೇಗ” ಎಂದು ಕಿರುಚಿದ. ಆ ಕಡೆಯವನು ಸ್ವಲ್ಪ ಹೊತ್ತು ಸಂಗೀತ ಕೇಳಿಸಿ ಮತ್ತೆ ಧನ್ಯವಾದ ಹೇಳಿದ. ಅಷ್ಟು ಸಮಾಧಾನದ ಮನುಷ್ಯನನ್ನು ಅವನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಕೈಗೆ ಸಿಕ್ಕಿದ್ದರೆ ಕತ್ತು ಹಿಸುಕುತ್ತಿದ್ದ.

“ಸ್ವಲ್ಪ ಮುಂಚೆ ಬಂದಿದ್ರೆ...” ಎಂದು ಡಾಕ್ಟರು ಅಲ್ಲಿಗೇ ನಿಲ್ಲಿಸಿದರು. ಯಾವ ವಾಕ್ಯವನ್ನು ಎಲ್ಲಿ ಬಿಡಬೇಕೆಂದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬಲಗೈ, ಬಲಗಾಲು ಹೋದವು. ಬಾಯಿ ಬಿದ್ದುಹೋಯಿತು. ಎಷ್ಟೋ ದಿನ ಅಮ್ಮ ಒಂದಕ್ಷರ ಆಡಲಿಲ್ಲ. ಆಮೇಲೊಂದು ಮಧ್ಯಾಹ್ನ ಅಕ್ಕ ಅನ್ನದ ಚಮಚವನ್ನು ಅವಳ ಬಾಯಿಯ ಹತ್ತಿರ ಒಯ್ದಾಗ, ಸೊಟ್ಟಗಾದ ಆ ಬಾಯಿಂದ ಮಾತು ಬಂತು. ಒಂದು ಮಾತಲ್ಲ, ಇಡೀ ಊಟದ ಪ್ರಾರ್ಥನೆ. ಎಲ್ಲೂ ತಡವರಿಸದೆ, ಎಲ್ಲೂ ತಪ್ಪದೆ.

“ಕರ್ತನೇ, ಈ ಅನ್ನಕ್ಕಾಗಿ ಸ್ತೋತ್ರ. ಈ ನೀರಿಗಾಗಿ ಸ್ತೋತ್ರ. ಈ ಮೇಜಿನ ಸುತ್ತ ಕೂತವರಿಗಾಗಿ ಸ್ತೋತ್ರ, ಕೂರಲಾರದೆ ಎದ್ದುಹೋದವರಿಗಾಗಿ ಸ್ತೋತ್ರ. ನೀನು ಕೊಟ್ಟಿದ್ದಕ್ಕಾಗಿ ಸ್ತೋತ್ರ. ಕೊಡದೆ ಇಟ್ಟುಕೊಂಡಿದ್ದಕ್ಕಾಗಿಯೂ ಸ್ತೋತ್ರ.”

ಅಕ್ಕ ಚಮಚ ಕೆಳಗಿಟ್ಟು ಅತ್ತುಬಿಟ್ಟಳು. ಅಳುತ್ತಲೇ “ಆಮೆನ್” ಎಂದಳು. ಅಮ್ಮ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು, ಮತ್ತೆ “ಕರ್ತನೇ, ಈ ಅನ್ನಕ್ಕಾಗಿ” ಎಂದು ಮೊದಲಿನಿಂದ ಶುರು ಮಾಡಿದಳು. ಸುಸ್ತಾಗಿ ಕತ್ತು ವಾಲುವವರೆಗೆ ಅದು ಸುತ್ತುತ್ತಲೇ ಇತ್ತು.

“ಮಾತು ಇರೋ ಜಾಗ ಬೇರೆ, ಬಾಯಿಪಾಠ ಇರೋ ಜಾಗ ಬೇರೆ,” ಎಂದು ಡಾಕ್ಟರು ವಿವರಿಸಿದರು. ಮನೆ ಸುಟ್ಟುಹೋದರೂ ಹಿತ್ತಲ ಬಚ್ಚಲು ಉಳಿದ ಹಾಗೆ. ಎಣಿಕೆ, ಹಾಡು, ಬೈಗುಳ, ಪ್ರಾರ್ಥನೆ, ಇಂಥವು ಉಳಿಯುತ್ತವಂತೆ. ಅಮ್ಮ ಜನ್ಮದಲ್ಲಿ ಬೈದವಳಲ್ಲ, ಹಾಡಿದವಳಲ್ಲ. ಇದ್ದದ್ದು ಇದೊಂದೇ ಆಸ್ತಿ.

“ಹೇಳ್ತಿರೋದು ಏನು ಅಂತ ಅವಳಿಗೆ ಗೊತ್ತಾಗುತ್ತಾ ಡಾಕ್ಟ್ರೇ?”

“ಗೊತ್ತಾಗ್ತಿರಬಹುದು. ಆಗದೆಯೂ ಇರಬಹುದು.”

ಎಂ.ಎ.ಯಲ್ಲಿ ಅವನು ಬರೆದ ಉತ್ತರಗಳೂ ಹೀಗೆಯೇ ಇರುತ್ತಿದ್ದವು. ಒಳ್ಳೆಯ ಅಂಕಗಳೂ ಬಂದಿದ್ದವು.

ಆಮೇಲೆ ಅಮ್ಮ ಎಲ್ಲದಕ್ಕೂ ಅದನ್ನೇ ಹೇಳತೊಡಗಿದಳು. ಹಸಿದರೆ ಸ್ತೋತ್ರ, ಹಾಸಿಗೆ ಒದ್ದೆಯಾದರೆ ಸ್ತೋತ್ರ. ಬೆನ್ನಿನ ಹುಣ್ಣು ತೊಳೆಯುವಾಗ ಕಣ್ಣಲ್ಲಿ ನೀರು ಧಾರೆ ಧಾರೆ, ಬಾಯಲ್ಲಿ ಸ್ತೋತ್ರ. ನೋಡಿಕೊಳ್ಳಲು ಇಟ್ಟಿದ್ದ ಆಯಾ ಒಂದು ಬೆಳಗ್ಗೆ ಸ್ನಾನ ಮಾಡಿಸುವಾಗ ಅಮ್ಮನ ತೊಡೆಯ ಮೇಲೆ ಚೊಂಬು ನೀರು ಸುರಿದಳು. ಅಮ್ಮ “ಕರ್ತನೇ” ಎಂದು ಶುರು ಮಾಡಿದಳು. ಮುದುಕಿಗೆ ಹಿತವಾಗಿದೆ ಎಂದುಕೊಂಡು ಆಯಾ ಇನ್ನೊಂದು ಚೊಂಬು ಸುರಿದಳು. ಸಂಜೆಯ ಹೊತ್ತಿಗೆ ತೊಡೆಯ ಮೇಲೆ ಅಂಗೈ ಅಗಲದ ಬೊಬ್ಬೆ ಎದ್ದಿತ್ತು.

“ಸ್ತೋತ್ರ ಅಂದ್ರಲ್ಲ ಸಾರ್,” ಎಂದು ಆಯಾ ಹಣೆ ಹಣೆ ಚಚ್ಚಿಕೊಂಡಳು. “ನಂಗೆ ಹೇಗೆ ಗೊತ್ತಾಗ್ಬೇಕು? ಸ್ತೋತ್ರ ಅಂದ್ರಲ್ಲ.” ಮಾರನೆಯ ದಿನದಿಂದ ಅವಳು ಬರಲಿಲ್ಲ. ಅವಳ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ಅಮ್ಮನ ಮೇಲೆ, ಅದೂ ಎಂಥ ಸಿಟ್ಟು. ಅಷ್ಟು ಸುಟ್ಟರೂ ಒಂದು ‘ಅಯ್ಯೋ’ ಬಾರದೇ?

ಚರ್ಚಿನ ಸಭೆಯಲ್ಲಿ ಮಾತ್ರ ಅಮ್ಮನ ಹೆಸರು ಮನೆಮಾತಾಯಿತು. ಪಾದ್ರಿಗಳು, ಎಲ್ಲರೂ ‘ಅಯ್ಯನವರು’ ಎನ್ನುತ್ತಿದ್ದವರು, ಒಂದು ಭಾನುವಾರ ಅವಳ ಗಾಲಿಕುರ್ಚಿಯನ್ನು ಮುಂದಕ್ಕೆ ತರಿಸಿದರು. “ನಮಗೆ ನಾಲಗೆ ನೆಟ್ಟಗಿದ್ದೂ ಗೊಣಗಾಟ ತಪ್ಪಲ್ಲ. ಈ ತಾಯಿಗೆ ನಾಲಗೆ ಹೋದರೂ ಸ್ತೋತ್ರ ಹೋಗಲಿಲ್ಲ. ಎಲ್ಲಾ ಕಾಲದಲ್ಲೂ ಕೃತಜ್ಞರಾಗಿರೋದು ಅಂದ್ರೆ ಇದು,” ಎಂದರು. ಅಮ್ಮ ಪ್ರಾರ್ಥಿಸಿದಳು. ಸಭೆಗೆ ಸಭೆಯೇ “ಆಮೆನ್” ಎಂದು ಗುಡುಗಿತು. ಅಮ್ಮ ನಿಲ್ಲಿಸಲಿಲ್ಲ. ಎರಡನೆಯ ಸಲದ ಆಮೆನ್ ಸ್ವಲ್ಪ ತೆಳುವಾಗಿತ್ತು. ಮೂರನೆಯ ಸಲ ಯಾರೋ ಕೆಮ್ಮಿದರು. ಅಯ್ಯನವರು ಪಿಯಾನೋದವಳಿಗೆ ಕಣ್ಣುಸನ್ನೆ ಮಾಡಿದರು, ಅವಳು ಜೋರಾಗಿ ಬಾರಿಸತೊಡಗಿದಳು. ಅವನು ಎದ್ದುಹೋಗಿ ಗಾಲಿಕುರ್ಚಿಯನ್ನು ಬಾಗಿಲ ಹೊರಕ್ಕೆ ತಳ್ಳಿಕೊಂಡು ಬಂದ. ಅದ್ಭುತಗಳಿಗೂ ಎಲ್ಲಿ ನಿಲ್ಲಬೇಕೆಂದು ಗೊತ್ತಿರಬೇಕು.

ಮನೆಗೆ ಬಂದಾಗ ಅಕ್ಕ ಅಮ್ಮನಿಗೆ ಹೊರಡುವ ಬಟ್ಟೆ ತೊಡಿಸಿ ಕೂರಿಸಿದ್ದಳು. ತಲೆ ಬಾಚಿದ್ದಳು, ಸ್ವೆಟರಿನ ಗುಂಡಿ ಹಾಕಿದ್ದಳು. ಬಾಗಿಲ ಬಳಿ ಚಿಕ್ಕದೊಂದು ಪೆಟ್ಟಿಗೆ ಇತ್ತು. ಇಷ್ಟು ವರ್ಷದ ಬಾಳು ಇಷ್ಟು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ಟ್ಯಾಕ್ಸಿಗೆ ಹೇಳಿದ್ಯಾ?” ಎಂದ ಅವನು.

“ಹೇಳಿದೀನಿ.”

“ಊಟ?”

“ಅಲ್ಲೇ ಮಾಡ್ತಾಳಲ್ಲ.”

ಅಕ್ಕ ಅವನ ಮುಖ ನೋಡಲಿಲ್ಲ. ಅವಳ ಮನೆಯಲ್ಲಿ ಆಗಲೇ ಹಾಸಿಗೆ ಹಿಡಿದ ಅತ್ತೆ ಇದ್ದಳು. ಇನ್ನೊಬ್ಬಳನ್ನು ಇಟ್ಟುಕೊಳ್ಳಲು ಜಾಗ ಇರಲಿಲ್ಲ, ಅವಳ ಸೊಂಟಕ್ಕೆ ಶಕ್ತಿಯೂ ಇರಲಿಲ್ಲ. ವೃದ್ಧರ ಹೋಮಿನ ವಿಷಯ ತೆಗೆದದ್ದು ಅವನು. ಆದರೂ ಅಮ್ಮನನ್ನು ಒಂದು ಮಾತು ಕೇಳದೆ ಹೇಗೆ ಎಂದು ಅಕ್ಕ ಹಟ ಹಿಡಿದು ಹೋದ ವಾರ ಅವಳ ಮುಂದೆ ಮಂಡಿಯೂರಿ ಕೂತಿದ್ದಳು. “ಅಮ್ಮಾ, ಹೋಮಿಗೆ ಹೋಗ್ತೀಯಾ? ಅಲ್ಲಿ ನಿನ್ನಂಥವ್ರೇ ಇರ್ತಾರೆ. ಬೇಡ ಅಂದ್ರೆ ಬೇಡ.” ಅಮ್ಮ ಅವಳನ್ನೇ ನೋಡಿ, “ಕರ್ತನೇ, ಈ ಅನ್ನಕ್ಕಾಗಿ ಸ್ತೋತ್ರ” ಎಂದಿದ್ದಳು.

“ನೋಡು, ಒಪ್ಪಿದ್ಳು,” ಎಂದಿದ್ದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ.

ಅದು ಒಪ್ಪಿಗೆಯಲ್ಲ ಎಂದು ಅವನಿಗೆ ಗೊತ್ತಿತ್ತು. ಬೊಬ್ಬೆ ಬಂದ ತೊಡೆಯನ್ನು ನೋಡಿದವನು ಅವನು. ಆದರೆ ಆಗ ಅವನು ಬಾಯಿ ಬಿಡಲಿಲ್ಲ. ಅವನಿಗೆ ಅಮ್ಮನ ಹಾಸಿಗೆ ಬಟ್ಟೆ ಒಗೆಯುವುದು ಕಷ್ಟವಾಗಿರಲಿಲ್ಲ, ಎತ್ತಿ ಕೂರಿಸುವುದು ಕಷ್ಟವಾಗಿರಲಿಲ್ಲ. ಆ ಪ್ರಾರ್ಥನೆಯನ್ನು ಕೇಳುವುದು ಮಾತ್ರ ಆಗುತ್ತಿರಲಿಲ್ಲ. ಅದಕ್ಕಿಂತಲೂ, ಅದು ಮುಗಿದ ಮೇಲಿನ ಆ ಒಂದು ಉಸಿರನ್ನು.

ಟ್ಯಾಕ್ಸಿಯಲ್ಲಿ ಅಮ್ಮ ಕಿಟಕಿಯ ಕಡೆ, ಅಕ್ಕ ನಡುವೆ, ಅವನು ಈಚೆ. ಡ್ರೈವರು ರೇಡಿಯೋ ಹಾಕಿದ್ದ. ಸಿಗ್ನಲ್ಲಿನ ಕೆಂಪು ದೀಪಕ್ಕೆ ಗಾಡಿ ನಿಂತಾಗ ಅಕ್ಕ ಮೆಲ್ಲಗೆ ಹೇಳಿದಳು:

“ಒಂದೇ ಒಂದು ಸಲ ಹೇಳಿ ನೋಡೋ.”

“ಏನನ್ನ?”

“ಗೊತ್ತಿಲ್ಲದವನ ಹಾಗೆ ಆಡ್ಬೇಡ.”

ಅವನು ಮುಂದಿನ ಸೀಟಿನ ಬೆನ್ನನ್ನು ನೋಡುತ್ತಾ ಕೂತ.

ಅವರ ಮನೆಯಲ್ಲಿ ಅಪ್ಪ ಮಾಡಿಟ್ಟ ಒಂದು ಪದ್ಧತಿ ಇತ್ತು. ಅಪ್ಪ ಅಂಚೆ ಕಚೇರಿಯಲ್ಲಿದ್ದವನು. ಕಾಗದ ಬರೆದವನೇ ಅದಕ್ಕೆ ಮುದ್ರೆ ಒತ್ತಿಕೊಳ್ಳುವುದಾದರೆ ನಾವೆಲ್ಲ ಯಾಕಿರಬೇಕು ಎನ್ನುತ್ತಿದ್ದ. ಹಾಗಾಗಿ ಊಟದ ಪ್ರಾರ್ಥನೆ ಅಮ್ಮನದು, ಅದಕ್ಕೆ ಆಮೆನ್ ಹೇಳುವುದು ಮನೆಗೆಲ್ಲ ಚಿಕ್ಕವನದು. ಅವನ ಆಮೆನ್ ಆಗದೆ ಅಪ್ಪನೂ ಚಮಚ ಮುಟ್ಟುವಂತಿರಲಿಲ್ಲ. ಚಿಕ್ಕಂದಿನಲ್ಲಿ ಅವನಿಗೆ ಅದು ಭಾರೀ ದೊಡ್ಡಸ್ತಿಕೆ. ಬೇಕೆಂತಲೇ ತಡ ಮಾಡುತ್ತಿದ್ದ. ಅಪ್ಪ ಒಂದು ಕಣ್ಣು ತೆರೆದು, “ಲೋ, ಹೊಟ್ಟೆ ತಾಳ ಹಾಕ್ತಿದೆ, ಒತ್ತೋ ಮುದ್ರೆ” ಎನ್ನುತ್ತಿದ್ದ. ಅಕ್ಕ ಮೇಜಿನ ಕೆಳಗೆ ಒದೆಯುತ್ತಿದ್ದಳು. ಅಮ್ಮ ಮಾತ್ರ ಕಣ್ಣು ಮುಚ್ಚಿಕೊಂಡು, ನಗು ತಡೆದುಕೊಂಡು, ಎಷ್ಟು ಹೊತ್ತಾದರೂ ಕಾಯುತ್ತಿದ್ದಳು.

ಆಮೇಲೆ ಅಪ್ಪನಿಗೆ ಅನ್ನನಾಳದಲ್ಲಿ ಕ್ಯಾನ್ಸರಾಯಿತು. ಕಡೆಕಡೆಗೆ ಒಂದು ಗುಟುಕು ನೀರೂ ಕೆಳಗಿಳಿಯುತ್ತಿರಲಿಲ್ಲ. ಆದರೂ ಅಪ್ಪ ಊಟದ ಹೊತ್ತಿಗೆ ಬಂದು ಖಾಲಿ ತಟ್ಟೆಯ ಮುಂದೆ ಕೂರುತ್ತಿದ್ದ. ಅಮ್ಮ ಅನ್ನಕ್ಕಾಗಿ, ನೀರಿಗಾಗಿ ಸ್ತೋತ್ರ ಹೇಳುತ್ತಿದ್ದಳು. ಆಗ ಕಾಲೇಜಿನಲ್ಲಿದ್ದ ಅವನು ಆಗಲೂ ಆಮೆನ್ ಹೇಳುತ್ತಿದ್ದ. ನಿಂತದ್ದು ಅಪ್ಪನನ್ನು ಮಣ್ಣು ಮಾಡಿ ಬಂದ ದಿನ. ನೆಂಟರೆಲ್ಲ ಮೇಜಿನ ಸುತ್ತ ಕೂತಿದ್ದರು. ಅಮ್ಮ ಒಂದಕ್ಷರ ಬದಲಾಯಿಸದೆ ಪ್ರಾರ್ಥಿಸಿದಳು. ಕೊಡದೆ ಇಟ್ಟುಕೊಂಡಿದ್ದಕ್ಕಾಗಿಯೂ ಸ್ತೋತ್ರ ಎಂದಳು. ಅವನ ನಾಲಗೆ ಹೊರಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಕ್ಕ ಆಮೆನ್ ಎಂದಳು, ಜನ ಊಟ ಮಾಡಿದರು.

ಅಂದಿನಿಂದ ಪ್ರತಿ ಊಟಕ್ಕೂ ಅಮ್ಮ ಪ್ರಾರ್ಥನೆ ಮುಗಿಸಿ, ಒಂದು ಉಸಿರಿನಷ್ಟು ಹೊತ್ತು ಕಾದು, ತಾನೇ ಮೆಲ್ಲಗೆ ಆಮೆನ್ ಹೇಳಿಕೊಳ್ಳುತ್ತಿದ್ದಳು. ಯಾಕೆ ಹೇಳುವುದಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಲಕ್ವ ಹೊಡೆದ ಮೇಲೆ ಪ್ರಾರ್ಥನೆ ವಾಪಸು ಬಂತು, ಆ ಕಾಯುವ ಉಸಿರು ವಾಪಸು ಬಂತು. ಅವಳೇ ಹೇಳಿಕೊಳ್ಳುತ್ತಿದ್ದ ಆಮೆನ್ ಮಾತ್ರ ಬರಲಿಲ್ಲ.

“ಅವಳು ನಿನ್ನ ಆಮೆನ್‌ಗೆ ಕಾಯ್ತಿದ್ದಾಳೆ ಕಣೋ,” ಎಂದಳು ಅಕ್ಕ.

“ಅಕ್ಕ, ಡಾಕ್ಟ್ರು ಹೇಳಿದ್ದು ಕೇಳಿದೀಯಲ್ಲ. ಮುಳ್ಳು ಸಿಕ್ಕಿಹಾಕ್ಕೊಂಡ ಗ್ರಾಮಾಫೋನು ಅದು. ಅದು ಯಾರಿಗೂ ಕಾಯಲ್ಲ.”

“ಹಾಗಾದ್ರೆ ಹೇಳೋಕೇನು ಕಷ್ಟ?”

“ನಂಬಿಕೆ ಇಲ್ದೆ ಹೇಳಿದ್ರೆ ಸುಳ್ಳಾಗುತ್ತೆ.”

“ಬೆಳಗ್ಗಿಂದ ಸಂಜೆವರೆಗೂ ಮುಖ ಕಾಣದವ್ರಿಗೆಲ್ಲ ಧನ್ಯವಾದ ಹೇಳ್ತೀಯಲ್ಲ, ಅದನ್ನೆಲ್ಲ ನಂಬಿ ಹೇಳ್ತೀಯಾ?”

“ಅದು ಕೆಲಸ.”

“ಇದನ್ನೂ ಕೆಲಸ ಅಂದ್ಕೋ.”

ದೀಪ ಹಸಿರಾಯಿತು. ನಂಬಿಕೆ ಗಿಂಬಿಕೆ ಎಲ್ಲ ಅಕ್ಕನ ಬಾಯಿ ಮುಚ್ಚಿಸಲು ಆಡಿದ ಮಾತು. ನಿಜ ಹೇಳಬೇಕೆಂದರೆ ಅವನಿಗೆ ಹೆದರಿಕೆಯಾಗಿತ್ತು. ತಾನು ಹೇಳಿ ಅಮ್ಮ ನಿಲ್ಲಿಸಿಬಿಟ್ಟರೆ, ಅಪ್ಪನ ಮಣ್ಣಿನ ದಿನದಿಂದ ಇಲ್ಲಿಯವರೆಗೆ ಅವಳನ್ನು ಮೇಜಿನ ಮುಂದೆ ಕಾಯಿಸಿದವನು ತಾನೇ ಎಂದಾಗುತ್ತದೆ. ಹೇಳಿಯೂ ನಿಲ್ಲಿಸದಿದ್ದರೆ, ಒಳಗೆ ಕಾಯುವವರು ಯಾರೂ ಇಲ್ಲ ಎಂದಾಗುತ್ತದೆ. ಎರಡರಲ್ಲಿ ಯಾವುದನ್ನು ತಾಳಿಕೊಳ್ಳಬಲ್ಲೆ ಎಂದು ಅವನು ಎಷ್ಟೋ ಸಲ ಕೇಳಿಕೊಂಡಿದ್ದ. ಹೇಳದೆ ಇರುವುದನ್ನು ತಾಳಿಕೊಳ್ಳಬಹುದಾಗಿತ್ತು.

ಗಾಡಿ ರೈಲು ನಿಲ್ದಾಣದ ಮುಂದೆ ಹಾದುಹೋಯಿತು. ಒಳಗಿನಿಂದ ಅವನ ಧ್ವನಿ ಯಾರಿಗೋ ಯಾವುದೋ ರೈಲು ತಡವಾಗಿದೆ ಎಂದು ವಿಷಾದ ಹೇಳುತ್ತಿತ್ತು. ಅಮ್ಮ ಗಟ್ಟಿಮುಟ್ಟಾಗಿದ್ದಾಗ ಅವಳನ್ನೊಮ್ಮೆ ಬೇಕೆಂದೇ ಇಲ್ಲಿಗೆ ಕರೆತಂದಿದ್ದ. ಕಂಬದ ಮೇಲಿನ ಸ್ಪೀಕರಿನ ಡಬ್ಬ ಮಾತಾಡಿದಾಗ ಅವಳು ಕತ್ತೆತ್ತಿ ಅದನ್ನೇ ನೋಡಿ, “ಯಾರೋ ಪಾಪ, ಎಷ್ಟು ಚೆನ್ನಾಗಿ ಮಾತಾಡ್ತಾನೆ” ಎಂದಿದ್ದಳು.

“ಅದು ನಾನೇ ಅಮ್ಮ.”

“ಹೋಗೋ ಸಾಕು,” ಎಂದು ನಕ್ಕಿದ್ದಳು. “ನನ್ನ ಮಗನ ಧ್ವನಿ ನಂಗೆ ಗೊತ್ತಿಲ್ವಾ?”

ಹೋಮು ಸುಣ್ಣ ಬಳಿದ ಉದ್ದನೆಯ ಕಟ್ಟಡ. ಓಣಿಯಲ್ಲಿ ಫಿನಾಯಿಲಿನ ವಾಸನೆ, ಅದರ ಕೆಳಗೆ ಫಿನಾಯಿಲು ಮುಚ್ಚಲಾರದ ವಾಸನೆ. ಗೋಡೆಗೆ ಒರಗಿ ಸಾಲಾಗಿ ಕೂತ ಮುದುಕ ಮುದುಕಿಯರು ಹೊಸ ಗಾಲಿಕುರ್ಚಿಯನ್ನು ಅಳೆದು ನೋಡಿದರು. ಮೇಟ್ರನ್ ದುಂಡಗಿನ, ಚುರುಕಾದ ಹೆಂಗಸು. ಬಂದವಳೇ ಅಮ್ಮನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಬನ್ನಿ ಅಮ್ಮಾ, ನಿಮ್ಮ ವಿಷಯ ಎಲ್ಲಾ ಕೇಳಿದೀನಿ. ಅಯ್ಯನವ್ರು ಬಾಯ್ತುಂಬ ಹೇಳಿದ್ರು.”

“ಕರ್ತನೇ, ಈ ಅನ್ನಕ್ಕಾಗಿ ಸ್ತೋತ್ರ,” ಎಂದಳು ಅಮ್ಮ.

“ಅಬ್ಬಾ, ನೋಡಿ!” ಮೇಟ್ರನ್ನಿನ ಕಣ್ಣು ಒದ್ದೆಯಾಯಿತು. “ಇಲ್ಲಿ ದಿನಾ ಬೈಗುಳ ಕೇಳಿ ಕೇಳಿ ಸಾಕಾಗಿದೆ. ಚಳಿ ಅಂತಾರೆ, ಸೆಕೆ ಅಂತಾರೆ, ಉಪ್ಪಿಲ್ಲ ಅಂತಾರೆ. ಇಂಥವ್ರು ಒಬ್ರಿದ್ರೆ ಮನೇನೇ ಬೇರೆ ಆಗುತ್ತೆ.” ಆಮೇಲೆ ಅವನ ಕಡೆ ತಿರುಗಿದಳು. “ಮಗನಾ?”

“ಹೌದು.”

“ನಿಮ್ಮ ಧ್ವನಿ ಎಲ್ಲೋ ಕೇಳಿದ ಹಾಗಿದೆಯಲ್ಲ.”

“ಇರಬಹುದು.”

ಅಮ್ಮನಿಗೆ ಕೊಟ್ಟ ಕೋಣೆಯಲ್ಲಿ ಎರಡು ಮಂಚ. ಇನ್ನೊಂದು ಮಂಚದ ಹಾಸಿಗೆಯನ್ನು ಸುತ್ತಿಟ್ಟಿದ್ದರು. ಅದರಲ್ಲಿದ್ದವರು ಎಲ್ಲಿಗೆ ಹೋದರೆಂದು ಯಾರೂ ಕೇಳಲಿಲ್ಲ. ಅಕ್ಕ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸಿದಳು, ಮತ್ತೆ ತೆಗೆದು ಮತ್ತೆ ಜೋಡಿಸಿದಳು. ಅವನು ಕಿಟಕಿಯ ಚಿಲಕ ಹಾಕಿ ತೆಗೆದು ನೋಡಿದ. ಚಿಲಕ ಸರಿಯಾಗಿತ್ತು. ಬಿಸಿನೀರಿನ ನಲ್ಲಿಯ ಕೆಳಗೆ ಬೆರಳಿಟ್ಟು ನೋಡಿದ. ಅಕ್ಕನಿಗೆ ಕೇಳಿಸದಂತೆ, ಬಾಗಿಲಲ್ಲಿ ನಿಂತಿದ್ದ ಮೇಟ್ರನ್ನಿಗೆ ಹೇಳಿದ:

“ಒಂದು ಮಾತು. ಅಮ್ಮ ಸ್ತೋತ್ರ ಹೇಳಿದ್ರು ಅಂತ ಅದು ಹಿತ ಅಂತಲೇ ತಿಳೀಬೇಡಿ. ಕಣ್ಣು ನೋಡ್ಬೇಕು. ನೀರು ಬಿಸಿ ಇದೆಯಾ ಅಂತ ನೀವೇ ಮುಟ್ಟಿ ನೋಡ್ಬೇಕು.”

“ಅಯ್ಯೋ, ಚಿಂತೆ ಬಿಡಿ. ಸ್ತೋತ್ರ ಹೇಳೋರನ್ನ ನೋಡ್ಕೊಳ್ಳೋದು ಏನು ಮಹಾ ಕಷ್ಟ?” ಎಂದಳು ಮೇಟ್ರನ್.

ಗಂಟೆ ಹೊಡೆಯಿತು.

“ಊಟ,” ಎಂದಳು ಅವಳು. “ನೀವಿಬ್ರೂ ಬನ್ನಿ. ಹೊಸಬರು ಬಂದ ದಿನ ಪ್ರಾರ್ಥನೆ ಅವರದ್ದೇ, ನಮ್ಮಲ್ಲಿ ಅದೊಂದು ರೂಢಿ. ಎಷ್ಟೋ ಜನಕ್ಕೆ ಬಾಯೇ ಬರಲ್ಲ, ಅಳ್ತಾ ಕೂತಿರ್ತಾರೆ. ಇವತ್ತು ಆ ಕಷ್ಟ ಇಲ್ಲ.”

ಬೇಡ ಎನ್ನಬೇಕೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಗಾಲಿಕುರ್ಚಿ ಓಣಿಯಲ್ಲಿ ಮುಂದೆ ಸಾಗಿತ್ತು.

ಊಟದ ಕೋಣೆಯಲ್ಲಿ ಉದ್ದುದ್ದ ಮೇಜುಗಳು. ಗೋಡೆಯ ಮೇಲೆ ಸ್ಪೀಕರಿನ ಮರದ ಡಬ್ಬವೊಂದು ಕೀರ್ತನೆ ಹಾಡುತ್ತಿತ್ತು, ಮೇಟ್ರನ್ ಅದನ್ನು ನಿಲ್ಲಿಸಿದಳು. ಸೂಪಿನ ಬಟ್ಟಲುಗಳಿಂದ ಹಬೆ ಏಳುತ್ತಿತ್ತು. ಪಕ್ಕದಲ್ಲಿ ಒಂದೊಂದು ತುಂಡು ಬ್ರೆಡ್ಡು. ಅಮ್ಮನನ್ನು ಮೇಜಿನ ತಲೆಯ ಕಡೆ ಕೂರಿಸಿದರು. ಅವಳ ಎದುರಿಗೆ ಅವನು, ಪಕ್ಕದಲ್ಲಿ ಅಕ್ಕ. ಎಲ್ಲರೂ ಕೈ ಮುಗಿದು ಕಣ್ಣು ಮುಚ್ಚಿದರು. ಪ್ರಾರ್ಥನೆ ಮುಗಿಯುವವರೆಗೆ ಚಮಚ ಮುಟ್ಟಬಾರದೆಂಬುದು ಅಲ್ಲಿ ಹೊಸದಾಗಿ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಅಮ್ಮ ಶುರು ಮಾಡಿದಳು. ಅಷ್ಟು ಜನರ ಮೌನದಲ್ಲಿ ಅವಳ ಧ್ವನಿ ಹಳೆಯ ಕಾಲದ ಧ್ವನಿಯೇ ಆಗಿತ್ತು. ಕೊಡದೆ ಇಟ್ಟುಕೊಂಡಿದ್ದಕ್ಕಾಗಿಯೂ ಸ್ತೋತ್ರ ಎಂದು ನಿಲ್ಲಿಸಿದಾಗ ಯಾರೋ ಮೂಗೆಳೆದುಕೊಂಡರು. “ಆಮೆನ್” ಎಂದಿತು ಕೋಣೆ. ಚಮಚಗಳು ಎದ್ದವು.

“ಕರ್ತನೇ, ಈ ಅನ್ನಕ್ಕಾಗಿ ಸ್ತೋತ್ರ,” ಎಂದಳು ಅಮ್ಮ.

ಚಮಚಗಳು ಇಳಿದವು. ಕಣ್ಣುಗಳು ಮತ್ತೆ ಮುಚ್ಚಿಕೊಂಡವು. ಎರಡನೆಯ ಸಲ ಮೇಟ್ರನ್ ಎಲ್ಲರಿಗಿಂತ ಜೋರಾಗಿ, ಬಾಗಿಲಿಗೆ ಅಗುಳಿ ಹಾಕುವವಳಂತೆ ಆಮೆನ್ ಎಂದಳು. ಅಮ್ಮ ಒಂದು ಉಸಿರು ಕಾದು ಮತ್ತೆ ಮೊದಲಿನಿಂದ ಹೊರಟಳು. ಮೂರನೆಯ ಸಲಕ್ಕೆ ಮೂಲೆಯ ಮುದುಕನೊಬ್ಬ ಮೆಲ್ಲಗೆ ಬ್ರೆಡ್ಡಿಗೆ ಕೈ ಹಾಕಿದ. ಪಕ್ಕದವಳು ಕಣ್ಣು ಮುಚ್ಚಿಕೊಂಡೇ ಅವನ ಕೈಗೆ ಪಟ್ಟನೆ ಹೊಡೆದಳು. ಸೂಪಿನ ಮೇಲೆ ತೆಳ್ಳಗೆ ಕೆನೆ ಕಟ್ಟತೊಡಗಿತ್ತು. ಇನ್ನೊಬ್ಬ ಮುದುಕಿ ಸದ್ದಿಲ್ಲದೆ ಅಳುತ್ತಿದ್ದಳು, ಭಕ್ತಿಗೋ ಹಸಿವಿಗೋ ತಿಳಿಯುವಂತಿರಲಿಲ್ಲ.

ಮೇಜಿನ ಕೆಳಗೆ ಅಕ್ಕನ ಕೈ ಬಂದು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು. ಅವಳು ಕಣ್ಣು ತೆರೆಯಲಿಲ್ಲ.

ಆ ಕೋಣೆಯಲ್ಲಿ ಕಣ್ಣು ತೆರೆದವರು ಇಬ್ಬರೇ. ಅಮ್ಮನ ಬಲಗಣ್ಣು ಜೋತುಬಿದ್ದಿತ್ತು. ನೆಟ್ಟಗಿದ್ದ ಎಡಗಣ್ಣು ಅವನನ್ನೇ ನೋಡುತ್ತಿತ್ತು. ಬಾಯಿ ತನ್ನ ಪಾಡಿಗೆ ಅನ್ನಕ್ಕಾಗಿ, ನೀರಿಗಾಗಿ ಸ್ತೋತ್ರ ಹೇಳುತ್ತಿತ್ತು. ಆ ಕಣ್ಣಿಗೂ ಆ ಬಾಯಿಗೂ ಸಂಬಂಧವೇ ಇರಲಿಲ್ಲ. ಕಣ್ಣು ಬೇರೇನನ್ನೋ ಕೇಳುತ್ತಿತ್ತು. ಕರೆದುಕೊಂಡು ಹೋಗು ಎನ್ನುತ್ತಿತ್ತೋ, ಇಲ್ಲಿ ಬಿಟ್ಟು ಹೋಗುತ್ತಿರುವುದಕ್ಕೆ ಶಪಿಸುತ್ತಿತ್ತೋ, ಅಥವಾ ಹೊಟ್ಟೆ ಹಸಿದಿದೆ ಕಣೋ ಎಂದಷ್ಟೇ ಅನ್ನುತ್ತಿತ್ತೋ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ನಂಬಿಕೆಯಿಂದಲ್ಲ, ಅಮ್ಮ ಒಂದು ತುತ್ತು ಉಣ್ಣಲಿ ಎನ್ನುವ ಆಸೆಯಿಂದ, ಅವನಿಗೆ ಅದನ್ನು ಹೇಳಿಬಿಡಬೇಕೆನ್ನಿಸಿತು.

“ಕೊಡದೆ ಇಟ್ಟುಕೊಂಡಿದ್ದಕ್ಕಾಗಿಯೂ ಸ್ತೋತ್ರ.”

ಉಸಿರು. ಅವಳು ಕಾದಳು.

“ಆಮೆನ್,” ಎಂದ ಅವನು.

ಅದು ದುಂಡಗೆ, ನುಣ್ಣಗೆ ಬಂತು. ಒಂಚೂರೂ ಒಣಗಿರಲಿಲ್ಲ. ಅದರಲ್ಲಿ ಬೇಕಾದಷ್ಟೇ ನಗು ಇತ್ತು. ಕೋಣೆಯ ನಾಲ್ಕು ಮೂಲೆಗೂ ಸಮನಾಗಿ ಕೇಳಿಸಿತು. ಅದು ಸ್ಟುಡಿಯೋದ ಧ್ವನಿ ಎಂದು ಕೇಳಿದ ತಕ್ಷಣ ಅವನಿಗೆ ಗೊತ್ತಾಯಿತು. ಹಿಂದಿನದನ್ನು, ಅಪ್ಪನಿಗೆ ಮುದ್ರೆ ಒತ್ತುತ್ತಿದ್ದ ಆ ಧ್ವನಿಯನ್ನು, ಅವನು ಗಂಟಲಲ್ಲಿ ತಡಕಾಡಿದ. ಅಲ್ಲಿ ಇದೊಂದೇ ಇತ್ತು.

ಅಮ್ಮ ನಿಲ್ಲಿಸಿದಳು.

ಅವಳ ಮುಖ ಸಡಿಲವಾಯಿತು. ಎಲ್ಲೋ ಒಂದು ಚಮಚ ಬಟ್ಟಲಿಗೆ ತಾಕಿ ಟಣ್ ಎಂದಿತು. ಅಮ್ಮನ ಎಡಗಣ್ಣು ಅವನ ಮುಖವನ್ನು ಬಿಟ್ಟು ಮೆಲ್ಲಗೆ ಸರಿಯಿತು. ಅಕ್ಕನನ್ನು ದಾಟಿತು, ಮೇಟ್ರನ್ನನ್ನು ದಾಟಿತು, ಗೋಡೆಯನ್ನು ಹತ್ತಿತು. ಸ್ಪೀಕರಿನ ಡಬ್ಬದ ಮೇಲೆ ಹೋಗಿ ನಿಂತಿತು. ಅವಳು ಕತ್ತೆತ್ತಿ ಅದನ್ನೇ ಬಹಳ ಹೊತ್ತು ನೋಡಿದಳು.

ಆಮೇಲೆ ಅವನ ಕಡೆ ತಿರುಗಿ, ಕಾಯಿಸಿದ್ದಕ್ಕೆ ಬೇಸರವಿಲ್ಲದವಳಂತೆ, “ಕರ್ತನೇ” ಎಂದಳು.

ಮೇಜಿನ ಉದ್ದಕ್ಕೂ ಚಮಚಗಳು ಒಂದೊಂದಾಗಿ ಕೆಳಗಿಳಿದವು.